ತಲಿಗೆ ಕೂಡಿಸಿದ ಕರಗೋ ಬಿಲ್ಲೆ

ಅಗರಖೇಡದಾಗ ಹಾಯೋ ಹೋರಿಯನ್ನ ಕೊಂಬು ಹಿಡಿದು ಕೆಡವಿದಾಂವ ನಾನೊಬ್ಬನ. ನೋಡಿದ ಇಬ್ಬರು ಮುದುಕರೂ ಈಗಿಲ್ಲ, ಹೋರೀನೂ ಇಲ್ಲ. ಹೋರಿ ಬಿದ್ದ ಮ್ಯಾಲೆ ನಾನೂ ಬಿದ್ದೆ. ಕಲ್ಲಿಗೆ ಬಡಿದು ತಲಿಬುರುಡಿಗೆ ತೂತು ಬಿತ್ತು.

ದೊಡ್ಡ ದವಾಖಾನಿ ಡಾಕ್ಟರು ಒಂದು ಬೆಳ್ಳನ ಬಿಲ್ಲೆ ತೋರಿಸಿದ್ರು. "ಅಜ್ಜಾರ, ಇದನ್ನ ತೂತಿಗೆ ಕೂಡಿಸ್ತೇವಿ. ನಿಮ್ಮ ಎಲುವು ಬೆಳಕೋತ ಬಂದಂಗ ಇದು ಸಾವಕಾಶ ಕರಗತೈತಿ."

"ಎಲುವು ಬೆಳೆಯೂದ್ರಾಗ ಇದ ಮೊದಲ ಕರಗಿತಂದ್ರ? ನಾ ಬಿಸಿಲಾಗ ಜ್ವಾಳ ಕೊಯ್ಯಾಂವರಿ!"

"ತೂತು ಹಂಗ ಬಿಟ್ರ ಸಣ್ಣ ಪೆಟ್ಟೂ ಸೀದಾ ಮಿದುಳಿಗೇ ಬೀಳತೈತಿ, ನೋಡ್ರಿ."

ಸಂತ್ಯಾಗ ಬೆಲ್ಲ ನೋಡಿದಂಗ ಬಿಲ್ಲೆ ನೆಕ್ಕಿ ನೋಡಿದೆ. ನರ್ಸಬಾಯಿ ಕಸಗೊಂಡ್ಲು. "ಅಯ್ಯ, ಇದು ಬರೇ ತೋರಿಸೋದರಿ! ಹಾಕೋದು ಬ್ಯಾರೆ ಐತಿ."

ತೋರಿಸೋದೊಂದು, ಹಾಕೋದೊಂದು! ಸಂಶಯ ಇಮ್ಮಡಿ ಆತು. ಆದ್ರೂ ಮಿದುಳಿನ ಮಾತಿಗೆ ಅಂಜಿ ಒಪ್ಪಿದೆ.

ಮೊನ್ನಿ ಇಂಡಿ ಪ್ಯಾಟಿಯೊಳಗ ಕ್ಷೌರದ ಮಲ್ಲಪ್ಪ ನನ್ನ ತಲಿ ಬೋಳಸಾಕತ್ತಿದ್ದ. ಅವಗ ಹೇಳಿದೆ, "ಮಂಪರಿನ ಸೂಜಿಗೂ ನಾ ಮಣೀಲಿಲ್ಲೋ. ತೋರಿಸಿದ್ದನ್ನ ಇಡ್ತಾರೋ, ಬ್ಯಾರೆ ಇಡ್ತಾರೋ ಅಂತ ಕಣ್ಣು ಪಿಳಕಿಸದ ನೋಡೇನಿ."

ಮಲ್ಲಪ್ಪ ಕತ್ತಿ ನಿಲ್ಲಿಸಿ ಗಾಯದ ಗುರುತು ಮುಟ್ಟಿದ. "ಕಾಕಾ, ಇದು ಹಿಂದಲಿಯಾಗ ಐತಿ. ನಿಮಗ ಹೆಂಗ ಕಾಣ್ತು?"

ನಾ ಹೆಗಲು ಹಾರಿಸಿದೆ. "ಸಂಶಯ ಇದ್ದಾಂವಗ ಹಿಂದನೂ ಕಣ್ಣಿರತಾವು. ನೀ ಸುಮ್ನ ಬೋಳಸು."