ಒಂದೇ ಪಾತ್ರೆ, ನಾಲ್ಕು ಸಾಲು

ಜೂನ್ ತಿಂಗಳ ಮೊದಲ ಭಾನುವಾರ ನಮ್ಮ ಅಪ್ಪ ಚರ್ಚಿನ ಬೆಂಚಿನಿಂದ ಏಳಲಿಲ್ಲ. ಕಾಲುನೋವಲ್ಲ, ಜ್ವರವಲ್ಲ. ಏಳಬಾರದೆಂದೇ ಏಳಲಿಲ್ಲ.

ಕಾರಣ ನನ್ನ ಡೈರಿ.

ನನಗೆ ಎಣಿಸುವ ಚಟ ಇದೆಯೆಂದು ನಿಮಗೆ ಗೊತ್ತೇ ಇದೆ. (ಹಿಂದೊಮ್ಮೆ ಇದೇ ಅಂಕಣದಲ್ಲಿ ಹುನಗುಂದದ ಬಸ್ಸಿನಲ್ಲಿ ಸೀಟು ಸಿಕ್ಕ ದಿನಗಳ ಲೆಕ್ಕ ಕೊಟ್ಟಾಗ ನೀವೇ ನಕ್ಕಿದ್ದಿರಿ.) ಚರ್ಚಿನಲ್ಲೂ ಅದೇ. ಎಪ್ಪತ್ತೊಂಬತ್ತರ ಜನವರಿಯಿಂದ ಪ್ರತಿ ಭಾನುವಾರ ಎಷ್ಟು ಜನ ಬಂದರು, ಯಾವ ಕೀರ್ತನೆ ಹಾಡಿದೆವು, ಪಾದ್ರಿಗಳ ಪ್ರಸಂಗ, ಅಂದರೆ ಉಪದೇಶ, ಎಷ್ಟು ನಿಮಿಷ, ಎಲ್ಲ ಬರೆದಿಟ್ಟಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರು ಇಳಕಲ್ಲಿನ ನಮ್ಮ ಚರ್ಚಿನೊಳಗೆ ಬಂದಿರಲಿಕ್ಕಿಲ್ಲ. ಆದ್ದರಿಂದ ಒಂದು ವಿವರಣೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ಎಂಟೆಂಟು ಜನ ಮುಂದೆ ಹೋಗಿ ಸಾಲಾಗಿ ಮೊಣಕಾಲೂರುತ್ತೇವೆ. ಅಯ್ಯನವರು (ಪಾದ್ರಿಗಳನ್ನು ನಾವು ಹಾಗೆ ಕರೆಯುತ್ತೇವೆ) ರೊಟ್ಟಿಯ ತುಣುಕು ಕೊಡುತ್ತಾರೆ, ಆಮೇಲೆ ದ್ರಾಕ್ಷಾರಸ. ನಮ್ಮದು ಒಟ್ಟು ನಾಲ್ಕು ಸಾಲು. ಪಾತ್ರೆ ಮಾತ್ರ ಒಂದೇ. ಎಲ್ಲರ ತುಟಿಗೂ ಅದೇ.

ಮೇ ತಿಂಗಳಲ್ಲಿ ಹೊಸ ಅಯ್ಯನವರು ನಮ್ಮ ಮನೆಗೆ ಚಹಕ್ಕೆ ಬಂದರು. ಗಿರಾಕಿಯ ಮುಂದೆ ಸೀರೆ ಬಿಡಿಸಿದ ಹಾಗೆ ನಾನು ಡೈರಿಗಳನ್ನು ಬಿಡಿಸಿದೆ. ಯಾರು ಯಾವ ಸಾಲಿನಲ್ಲಿ ಹೋದರು ಎನ್ನುವುದಕ್ಕೂ ಒಂದು ಕಾಲಂ ಇದೆ. ಅವರು ಬಹಳ ಹೊತ್ತು ಪುಟ ತಿರುವಿದರು. ಹೊಗಳುತ್ತಾರೆಂದು ಕಾದೆ.

"ತಮ್ಮಾ, ಈ ರೂತವ್ವ ಒಮ್ಮೆರ ಮೊದಲನೇ ಸಾಲಿನ್ಯಾಗ ಬಂದಾಳೇನು?" ಎಂದು ಕೇಳಿದರು.

ನೋಡಿದೆ. ಐವತ್ಮೂರು ಭೋಜನಗಳಲ್ಲಿ ಐವತ್ತೆರಡನ್ನು ನಾನು ಬರೆದಿದ್ದೆ. (ಒಂದು ಸಲ ನನಗೆ ಜ್ವರ.) ಐವತ್ತೆರಡರಲ್ಲೂ ರೂತವ್ವ ಕೊನೆಯ ಸಾಲು. ಅವಳ ಜೊತೆಗಿನ ಏಳು ಜನರೂ ಕೊನೆಯ ಸಾಲು. ಒಮ್ಮೆಯೂ ತಪ್ಪಿಲ್ಲ.

ಯಾರೂ ರೂಲ್ ಮಾಡಿರಲಿಲ್ಲ. ಬೆಂಚಿನಲ್ಲಿ ಕೂರುವವರು ನಾವು, ಮೂರು ತಲೆಮಾರಿನಿಂದ ಚರ್ಚಿನಲ್ಲಿರುವ ನೇಕಾರರು. ಹಿಂದೆ ಚಾಪೆಯ ಮೇಲೆ ಕೂರುವವರು ರೂತವ್ವನಂತೆ ಕಲ್ಲುಗಣಿಯ ಕೂಲಿಗೆ ಹೋಗುವವರು, ಈಚೆಗೆ ಬಂದವರು. ಅವರ ಕೇರಿ ಊರ ಹೊರಗೆ ಯಾಕಿದೆಯೆಂದು ನಿಮಗೆ ಬಿಡಿಸಿ ಹೇಳಬೇಕೆ? ಅವರ ತುಟಿ ಮುಟ್ಟಿದ ಪಾತ್ರೆ ಆಮೇಲೆ ಯಾರ ತುಟಿಗೂ ಬರುತ್ತಿರಲಿಲ್ಲ. ಅಷ್ಟು ವರ್ಷ ನಾನು ಎಣಿಸಿದ್ದೆ, ನೋಡಿರಲಿಲ್ಲ.

ಜೂನಿನಲ್ಲಿ ಅಯ್ಯನವರು ಪ್ರಸಂಗದಲ್ಲಿ ಏನೂ ಬೈಯಲಿಲ್ಲ. ಭೋಜನದ ಹೊತ್ತಿಗೆ ಒಂದೇ ಮಾತು ಹೇಳಿದರು.

"ಇವತ್ತಿಂದ ಚಾಪಿ ಮ್ಯಾಲ ಕುಂತವರು ಮೊದಲ ಬರ್ರಿ."

ರೂತವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಅವರ ಸಾಲು ಎದ್ದು ಬಂತು. ಆಮೇಲೆ ಬೆಂಚಿನವರು ಗೊಣಗುತ್ತಲೇ ಎದ್ದರು. ನಾನೂ ಹೋಗಿ ಬಂದೆ. ಸಭೆಯ ಹಿರಿಯನಾದ ಅಪ್ಪ, ಮೂವತ್ತು ವರ್ಷ ಮೊದಲ ಸಾಲಿನ ಮೊದಲನೆಯವನಾಗಿದ್ದ ಅಪ್ಪ, ಕುಳಿತೇ ಇದ್ದ.

ಜುಲೈ. ಕುಳಿತೇ ಇದ್ದ. ಆಗಸ್ಟ್. ಕುಳಿತೇ ಇದ್ದ.

ಚರ್ಚು ಬಿಡಲಿಲ್ಲ. ಗಟ್ಟಿಯಾಗಿ ಹಾಡಿದ, ಪ್ರಾರ್ಥನೆ ಮಾಡಿದ. ಭೋಜನದ ಹೊತ್ತಿಗೆ ಮಾತ್ರ ಬೈಬಲ್ ತೆರೆದು ಮುಖ ಅದರೊಳಗಿಡುತ್ತಿದ್ದ. ಮನೆಯಲ್ಲಿ ಊಟ ಅರ್ಧಕ್ಕೆ ಬಿಡುತ್ತಿದ್ದ. ಮಾತಾಡಿಸಲು ಹೊರಟ ನನ್ನನ್ನು ಅವ್ವ ತಡೆದಳು.

"ನಿಮ್ಮಪ್ಪಾರು ದೇವರ ಜೋಡಿ ಜಗಳಾ ತಗದಾರ. ನಡುವ ಹೋಗಬ್ಯಾಡ, ಇಬ್ರೂ ಬೈತಾರ."

ಆಗಸ್ಟಿನ ಕೊನೆಯ ವಾರ, ಒಂದು ಮಧ್ಯಾಹ್ನ, ರೂತವ್ವ ನಮ್ಮ ಮನೆಗೆ ಬಂದಳು. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಅವಳು ಹೊಸ್ತಿಲ ಹೊರಗೇ ನಿಂತಳು. ಸೆರಗಿಗೆ ಇನ್ನೂ ಕಲ್ಲಿನ ಧೂಳು.

"ಅಣ್ಣಾರ, ನಾವು ಹಿಂದನ ಬರ್ತೇವ್ರಿ. ನಮಗೇನೂ ಇಲ್ಲ. ನಮ್ಮ ಸಲುವಾಗಿ ನೀವು ಉಪಾಸ ಇರಬ್ಯಾಡ್ರಿ."

ಲಾಳಿ ನಿಂತಿತು.

ಬಯ್ಯಲು ಬಂದಿದ್ದರೆ ಅಪ್ಪ ಉತ್ತರ ಕೊಡುತ್ತಿದ್ದ. ವಾದಕ್ಕೆ ಬಂದಿದ್ದರೆ ವಚನ ತೆಗೆದು ತೋರಿಸುತ್ತಿದ್ದ. ಇವಳು ಮೂರು ತಿಂಗಳಿಂದ ಅವನ ಹಸಿವಿನ ಚಿಂತೆ ಮಾಡುತ್ತಿದ್ದಳು.

"ಒಳಗ ಬಾರವಾ, ಕುಂದ್ರು," ಎಂದ ಅಪ್ಪ. ಅವ್ವ ಚಹ ಮಾಡಿದಳು. ಬಾಗಿಲ ಪಕ್ಕದ ಗೂಡಿನಲ್ಲಿ ಬೇರೆ ಇಟ್ಟಿದ್ದ ಕಪ್ಪಿಗೆ ಕೈ ಹಾಕಿದಳು. (ಕ್ರೈಸ್ತರ ಮನೆಯಲ್ಲೂ ಹೊರಗಿನ ಕಪ್ಪೇ? ಹೌದು. ಇತ್ತು.) ಅಪ್ಪ ಮಗ್ಗದಿಂದಲೇ ಹೇಳಿದ: "ಅದಲ್ಲ."

ಸೆಪ್ಟೆಂಬರಿನ ಮೊದಲ ಭಾನುವಾರ ಅಯ್ಯನವರು ಕರೆಯುವ ಮೊದಲೇ ಅಪ್ಪ ಬೆಂಚು ಬಿಟ್ಟು ಹಿಂದೆ ನಡೆದ. ಚಾಪೆಯ ತುದಿಯಲ್ಲಿ ಕುಳಿತ. ಅವರ ಸಾಲಿನಲ್ಲೇ ಬಂದು ರೂತವ್ವನ ಪಕ್ಕದಲ್ಲಿ ಮೊಣಕಾಲೂರಿದ. ಅವಳು ಕುಡಿದಳು. ಅಯ್ಯನವರು ಎಂದಿನಂತೆ ಪಾತ್ರೆಯ ಅಂಚನ್ನು ಬಿಳಿ ಅರಿವೆಯಿಂದ ಒರೆಸಲು ಹೋದರು. ಅಷ್ಟರಲ್ಲಿ ಅಪ್ಪ ಕೈ ಚಾಚಿ ಪಾತ್ರೆ ಹಿಡಿದುಕೊಂಡ. ಒರೆಸಗೊಡಲಿಲ್ಲ. ಹಾಗೆಯೇ ಕುಡಿದ.

ಆಮೇಲೆ ನಮ್ಮ ಸಾಲು ಹೋಯಿತು. ನನಗೆ ಕಣ್ಣು ಮಂಜಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಅಪ್ಪನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದುಕೊಂಡೆ. ಅವನೇ ಮೊದಲು ಮಾತಾಡಿದ.

"ನಾಲ್ಕು ಸಲ ಆತು. ನೀ ಕುಡದಿಲ್ಲ."

ನಾನು ನಿಂತುಬಿಟ್ಟೆ. (ಎಣಿಸುವ ಚಟ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.)

"ಕುಂತಾವಗ ಬೈಬಲ್ ಮ್ಯಾಲಿಂದ ಎಲ್ಲಾ ಕಾಣತೈತಿ. ಪಾತ್ರಿ ತುಟಿತನಕ ಬರ್ತೈತಿ, ನಿನ್ನ ಗಂಟಲ ಅಲಗೂದಿಲ್ಲ. ಇವತ್ತೂ ಓರೆಗಣ್ಣಿಲೆ ನೋಡೀನಿ."

ನಿಜ. ಜೂನಿನಿಂದ ನಾಲ್ಕು ಭಾನುವಾರ ನಾನು ತುಟಿ ಬಿಗಿಹಿಡಿದು ಪಾತ್ರೆ ಮುಟ್ಟಿಸಿಕೊಂಡು ಎದ್ದು ಬಂದಿದ್ದೇನೆ. ಡೈರಿಯಲ್ಲಿ ನನ್ನ ಹೆಸರಿನ ಮುಂದೆ ನಾಲ್ಕು ಟಿಕ್ ಇವೆ. ನಾಲ್ಕೂ ಸುಳ್ಳು. ಅಪ್ಪ ಹಟಮಾರಿ, ನಾನು ಹೊಸ ಕಾಲದವನು ಎಂದುಕೊಂಡೇ ಅವನ್ನು ಹಾಕಿದ್ದೆ.

ಅಪ್ಪ ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟ.

"ನನಗ ಮೂರ ತಿಂಗಳ ಹಿಡೀತು. ನಿನಗೂ ಹಿಡೀಲಿ. ಆದರ ಅಲ್ಲೀತನಕ ಕುಡದಂಗ ಮಾಡಬ್ಯಾಡ, ಮಗನ. ಕುಂತಬಿಡು."

ಬರುವ ಭಾನುವಾರ ಅಕ್ಟೋಬರಿನ ಮೊದಲನೆಯದು. ಸಭೆಯ ಪದ್ಧತಿ ಬದಲಾಯಿಸಲು ಅಯ್ಯನವರಿಗೆ ಒಂದು ಮಾತು ಸಾಕಾಯಿತು. ನನ್ನ ಗಂಟಲಿಗೆ ಎಷ್ಟು ಬೇಕು?