ಸೇವ್ ಆತೇನವಾ?

ಮೆಹರುನ್ನೀಸಾ ಅವರೇ, ಆ ಸಂಜೆ ನೀವು ಸೇವ್ ಮಾಡಿದ್ದಿರಿ. ಅದು ನನಗೆ ಗೊತ್ತಿತ್ತು — ಧಣಿಯ ಮುಂದೆ ನಾವಿಬ್ಬರೂ ನಿಂತಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ಬೇರೆ ಮಾತು ಆಡಿದೆ.

ರಾಣೇಬೆನ್ನೂರಿನ ಆ ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ, ನೀವು ಹೊಲದ ವಿವರ ಟೈಪು ಮಾಡುತ್ತಿದ್ದಿರಿ. ಐರಣಿ ಕಡೆಯ ಹೊಲದಲ್ಲಿ ಹೆಂಗಸರು ಮೆಣಸಿನ ಹೂವಿಗೆ ಗಂಡು ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟುತ್ತಿದ್ದರು. ಯಾವ ಬಣ್ಣ ಯಾವ ಗಂಡು ಗಿಡಕ್ಕೆ ಎಂಬುದಕ್ಕೆ ಕಾಯಂ ನಿಯಮವಿರಲಿಲ್ಲ. ನಿಮ್ಮ ಅಬ್ಬಾನ ಟೇಲರ್ ಅಂಗಡಿಯಿಂದ ಬೆಳಿಗ್ಗೆ ಯಾವ ದಾರ ಬಂತೋ ಅದು. ದಿನಕ್ಕೊಂದು ಪಟ್ಟಿ ಹೊಲ, ದಿನಕ್ಕೊಂದು ಲೆಕ್ಕ. ಸಂಜೆ ಮೇಸ್ತ್ರಿ ಫಕೀರವ್ವ ಬಳೆಗೆ ದಾರದ ತುಂಡುಗಳನ್ನು ಕಟ್ಟಿಕೊಂಡು ಬಂದು, ಒಂದೊಂದನ್ನೇ ಮುಟ್ಟಿ ಅದು ಯಾವ ಗಂಡು ಗಿಡದ್ದೆಂದು ಹೇಳುತ್ತಿದ್ದಳು. ಕೊನೆಗೆ ಕೇಳುತ್ತಿದ್ದಳು — "ಸೇವ್ ಆತೇನವಾ?" ನೀವು "ಆತು ಬೇ" ಎಂದರೆ ದಾರ ಬಿಚ್ಚಿ ಬುಟ್ಟಿಗೆ ಒಗೆಯುತ್ತಿದ್ದಳು.

ನಾವು ಬಳಸುತ್ತಿದ್ದ ಡೇಟಾಬೇಸ್ ಸರ್ವರ್ ಪುಕ್ಕಟೆ ಸಿಗುವಂಥದು. ಅದರ ಒಳಗಿನ ಪ್ರೋಗ್ರಾಂ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಒಂದೊಂದು ಸಾಲೂ ಡಿಸ್ಕಿನ ಮೇಲೆ ಗಟ್ಟಿಯಾಗಿ ಕೂತ ಮೇಲೆಯೇ ಅದು "ಆಯಿತು" ಎನ್ನುತ್ತಿತ್ತು. ನಮ್ಮ ಹಳೆಯ ಯಂತ್ರದಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಐರಣಿ ಬಸ್ಸಿಗೆ ಕಾದು ಕುಳಿತ ಹೆಂಗಸರು ನಗುತ್ತಿದ್ದರು. "ಸರ, ನಿಮ್ಮ ಮಷೀನಕ್ಕಿಂತ ನಮ್ಮ ಮುದಿ ಎಮ್ಮಿ ಲಗೂ ಏಳತೈತಿ ನೋಡ್ರಿ" ಎಂದಿದ್ದಳು ಫಕೀರವ್ವ. ನೀವೂ ನಕ್ಕಿರಿ. ನನಗೆ ಅದು ನಾಟಿತು.

ಮರುದಿನ ಯಾರಿಗೂ ಹೇಳದೆ ಒಂದು ಸೆಟ್ಟಿಂಗ್ ಬದಲಿಸಿದೆ — ಡಿಸ್ಕಿಗಾಗಿ ಕಾಯಬೇಡ, ಮೊದಲು "ಆಯಿತು" ಅನ್ನು, ಆಮೇಲೆ ಬರೆದುಕೋ. ಕರೆಂಟ್ ಹೋದರೆ ಬರೆದದ್ದು ಉಳಿಯದು ಎಂದು ಅದರ ಕೈಪಿಡಿಯಲ್ಲೇ ಇತ್ತು. ಓದಿದ್ದೆ. ನಮ್ಮೂರಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು, ಯುಪಿಎಸ್ ಬ್ಯಾಟರಿ ಸತ್ತದ್ದೂ ಗೊತ್ತಿತ್ತು. ಮಷೀನು ಚುರುಕಾಯಿತೆಂದು ಎಲ್ಲರೂ ಹೊಗಳಿದರು.

ಒಂದು ಸಂಜೆ ನೀವು "ಆತು ಬೇ" ಎಂದಿರಿ, ದಾರ ಬುಟ್ಟಿಗೆ ಬಿತ್ತು, ಕರೆಂಟ್ ಹೋಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸೆಟ್ಟಿಂಗ್ ಮೊದಲಿನಂತೆ ಮಾಡಿಟ್ಟೆ. ನಿನ್ನೆಯ ಸಾಲುಗಳು ಇವೆಯೇ ಎಂದು ನೋಡಲಿಲ್ಲ. ನೋಡಿದರೆ ಹೇಳಬೇಕಾಗುತ್ತಿತ್ತು — ಅದಕ್ಕೇ ನೋಡಲಿಲ್ಲ. ಅವತ್ತೇ ಕೇಳಿದ್ದರೆ ಫಕೀರವ್ವ ಬಾಯಿಂದಲೇ ಹೇಳುತ್ತಿದ್ದಳು. ಅವಳಿಗಿನ್ನೂ ನೆನಪಿರುತ್ತಿತ್ತು.

ಕಾಯಿ ಹಣ್ಣಾಗಿ ಬಿಡಿಸುವ ಹೊತ್ತಿಗೆ ಹುಡುಕಿದರೆ ಆ ದಿನದ ಪಟ್ಟಿ ಹೊಲದ ವಿವರವೇ ಇಲ್ಲ. ಗಿಡದ ತುಂಬ ದಾರ. ಯಾವುದು ಏನೆಂದು ಯಾರಿಗೂ ತಿಳಿಯದು. "ಸೇವ್ ಆತು ಅಂತ ಬಂದಿತ್ರಿ. ನಾ ಕಣ್ಣಾರೆ ನೋಡೇನಿ" ಎಂದಿರಿ ನೀವು. ಧಣಿ ನನ್ನ ಕಡೆ ತಿರುಗಿದರು. "ಏನಪಾ, ಮಷೀನ್ ಸುಳ್ಳ ಹೇಳತೈತೇನು?"

"ಮಷೀನ್ ಸುಳ್ಳು ಹೇಳೂದಿಲ್ರಿ" ಎಂದೆ.

ಅದಕ್ಕೆ ಸುಳ್ಳು ಕಲಿಸಿದವನು ನಾನು. ನೀವು ನನ್ನನ್ನು ನೋಡಿದಿರಿ — ಸಿಟ್ಟಿನಿಂದಲ್ಲ, ನಿಮ್ಮ ಕಣ್ಣನ್ನೇ ನೀವು ಅನುಮಾನಿಸುವವರ ಹಾಗೆ. ಹೊರಗೆ ಫಕೀರವ್ವ ಅಂದಳು, "ನಿನ್ನ ಮಾತಿಗೆ ದಾರ ಬಿಚ್ಚಿ ಒಗದ್ನೆವಾ." ಆ ಕಾಯಿಗಳನ್ನೆಲ್ಲ ಗುಂಡಿಗೆ ಹಾಕಿದರು. ಬೀಜ ಪರೀಕ್ಷೆಯ ಕೆಲಸ ನಿಮಗೆ ಬರುವುದಿತ್ತು, ಬರಲಿಲ್ಲ. ಸ್ವಲ್ಪ ದಿನಕ್ಕೆ ನೀವು ಅಬ್ಬಾನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದೀರಿ ಎಂದು ಕೇಳಿದೆ.

ಆಮೇಲೆ ನಾನು ಆ ಸರ್ವರ್ ತಿದ್ದುವವರ ಜೊತೆ ಸೇರಿಕೊಂಡೆ. ಸಣ್ಣಪುಟ್ಟ ದೋಷ ಸರಿಪಡಿಸುತ್ತ ಬಂದೆ. ಆ ಸೆಟ್ಟಿಂಗ್ ಬದಲಿಸಿಟ್ಟರೆ, ಸರ್ವರ್ ಶುರುವಾದಾಗಲೆಲ್ಲ "ಕರೆಂಟ್ ಹೋದರೆ ಬರೆದದ್ದು ಹೋದೀತು" ಎಂದು ಎಚ್ಚರಿಸುವ ಒಂದು ಸಾಲು ಬರೆದು ಕಳಿಸಿದೆ. ಒಪ್ಪಿದರು. ಮುಖ ಕಾಣದ ಒಬ್ಬ ಜೊತೆಗಾರ ಕೇಳಿದ — ನಿಮ್ಮಲ್ಲೇನಾದರೂ ಆಗಿತ್ತೇ? ಇಲ್ಲ, ಸುಮ್ಮನೆ ಹೊಳೆಯಿತು ಎಂದು ಬರೆದೆ. ಎಲ್ಲವನ್ನೂ ತೆರೆದಿಟ್ಟು ಕೆಲಸ ಮಾಡುವವರ ನಡುವೆ ಕೂತು —

ಹೋದ ವಾರ ಕದರಮಂಡಲಗಿಯಲ್ಲಿ ಫಕೀರವ್ವ ಬಸ್ ಹತ್ತಿದಳು, ನನ್ನ ಪಕ್ಕದಲ್ಲೇ ಕುಳಿತಳು. ಬಳೆಯ ತುಂಬ ಬಣ್ಣ ಮಾಸಿದ ದಾರಗಳು. ಇಷ್ಟ್ಯಾಕೆ ಎಂದು ಕೇಳಿದೆ. "ಈಗ ಯಾರ್ ಹೇಳಿದ್ರೂ ಬಿಚ್ಚೂದಿಲ್ರಿ ಸರ. ಆ ಹುಡುಗಿ ಮಾತು ನಂಬಿ ಒಮ್ಮೆ ಕೆಟ್ಟೇನಿ" ಎಂದಳು. ಊರು ಬರುವ ತನಕ ನಾನು ಬಾಯಿ ಬಿಡಲಿಲ್ಲ.

ಇದನ್ನು ಬರೆದು ಮುಗಿಸಿ ಧಣಿಗೆ ಒಂದು ಪ್ರತಿ ಕೊಡುತ್ತೇನೆ. ಐರಣಿಗೆ ಹೋಗುತ್ತೇನೆ. ಫಕೀರವ್ವನಿಗೆ ಓದಲು ಬಾರದು. ಆಕೆಯ ಮುಂದೆ ಕೂತು ಬಾಯಿಂದಲೇ ಹೇಳಬೇಕು — ಆ ಹುಡುಗಿ ಹೇಳಿದ್ದು ಖರೇ ಇತ್ತು ಅಂತ. ಅದಾದ ಮೇಲೆ ನಿಮ್ಮ ಅಂಗಡಿಗೆ ಬರುತ್ತೇನೆ. ಕುಂದ್ರಿ ಅನ್ನಬೇಡಿ.