ನನ್ನ ನಾದಿನಿಯ ಕಣ್ಣಿಗೆ ಏನೂ ಆಗಿರಲಿಲ್ಲ

ನನ್ನ ನಾದಿನಿ ಸೂಜಿಗೆ ದಾರ ಪೋಣಿಸುವುದನ್ನು ನೋಡಬೇಕು. ಮಾತಾಡುತ್ತಲೇ, ಒಂದೇ ಸಲಕ್ಕೆ ಪೋಣಿಸಿಬಿಡುತ್ತಾಳೆ. ಅಂಥವಳಿಗೆ ಕಣ್ಣು ಕಾಣುವುದಿಲ್ಲ ಎಂದು ಒಬ್ಬ ಮಹಾಶಯ ತೀರ್ಪು ಕೊಟ್ಟ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾವಿಬ್ಬರೂ ನೀರು ಸರಬರಾಜು ಕೇಂದ್ರದಲ್ಲಿ ಕೆಲಸಕ್ಕಿದ್ದೇವೆ. ನಾನು ನೀರು ಪರೀಕ್ಷಿಸುವವಳು. ಅವಳು ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಟ್ಯಾಂಕುಗಳ ಮಟ್ಟ ನೋಡಿ, ಯಾವ ವಾಲ್ವ್ ತೆರೆಯಬೇಕೆಂದು ಹೇಳುವವಳು. ಆ ಲ್ಯಾಪ್‌ಟಾಪಿನಲ್ಲಿ ಚಿತ್ರ, ಬಣ್ಣ ಏನೂ ಇಲ್ಲ. ಯೂನಿಕ್ಸ್ ಜಾತಿಯ ಯಾವುದೋ ವ್ಯವಸ್ಥೆ; ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಂಕಿ, ಅಷ್ಟೇ. ಅದನ್ನು ಕನ್ಸೋಲ್ ಎನ್ನುತ್ತಾರೆ. ಹಳೆಯದರಲ್ಲಿ ಅಂಕಿಗಳು ಬಾಗಿಲಲ್ಲಿ ನಿಂತ ನನಗೂ ಕಾಣುತ್ತಿದ್ದವು. ಅದು ಕೆಟ್ಟು ಹೊಸದು ಬಂತು. ಹೊಸ ಪರದೆಯಲ್ಲಿ ಅಂಕಿಗಳನ್ನು ಮೂಡಿಸುವ ಚುಕ್ಕೆಗಳು ಎಷ್ಟೋ ಪಟ್ಟು ಹೆಚ್ಚು, ಒಂದೊಂದು ಚುಕ್ಕೆಯೂ ಅಷ್ಟೇ ಸಣ್ಣದು. ಅಂಕಿಗಳು ಗಸಗಸೆ ಚೆಲ್ಲಿದ ಹಾಗಾದವು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವವನನ್ನು ನಾನು ಮೇಧಾವಿ ಎಂದೇ ಕರೆಯುವುದು. ಅಂಕಿ ದೊಡ್ಡದು ಮಾಡಿಕೊಡಿ ಎಂದು ಅವಳು ಕೇಳಿದರೆ ಅವನು ತಲೆ ಕೂಡ ಎತ್ತಲಿಲ್ಲ. ಇಷ್ಟು ಒಳ್ಳೆಯ ರೆಸಲ್ಯೂಷನ್ನಿನ ಪರದೆ ತರಿಸಿರುವುದು ಅದನ್ನು ಹಾಳು ಮಾಡುವುದಕ್ಕಲ್ಲ, ಕನ್ನಡಕ ಬದಲಾಯಿಸಿ ನೋಡಿ ಎಂದ. ಈ ಪೆದ್ದಿ ಬದಲಾಯಿಸಿದಳು. ಆಮೇಲೆ ಭೂತಗನ್ನಡಿ ತಂದಳು. ಪರದೆಗೆ ಮೂಗು ತಾಗಿಸಿ ಕೂತೂ ಕೂತೂ ಕುತ್ತಿಗೆ ಹಿಡಿದುಕೊಂಡಿತು. ಕೊನೆಗೊಂದು ದಿನ ಎಂಟನ್ನು ಮೂರು ಎಂದು ಓದಿ, ತುಂಬಿದ ಟ್ಯಾಂಕಿಗೇ ನೀರು ಬಿಡಿಸಿದಳು. ನೀರು ಉಕ್ಕಿ ರಸ್ತೆಗೆ ಹರಿಯಿತು. ಮುಂದಿನ ವಾರದಿಂದ ಅವಳನ್ನು ಗೇಟಿನ ಬಳಿ ಕೂರಿಸುವುದಾಗಿ ಮ್ಯಾನೇಜರ್ ಹೇಳಿಬಿಟ್ಟರು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆ ಸಂಜೆ ಮನೆಯಲ್ಲಿ ಅವಳು ಸೂಜಿಯನ್ನು ನನ್ನ ಕೈಗಿಟ್ಟಳು.

"ನೀವೇ ಪೋಣ್ಸಿ ಅತ್ತಿಗೆ, ನಂಗೆ ಕಾಣಲ್ಲ."

ದಾರ ಹಿಡಿದು ನೋಡುವ ಗೋಜಿಗೂ ಹೋಗಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು.

ಆ ವಾರವೇ ಮೇಧಾವಿಯ ಸ್ವಂತ ಲ್ಯಾಪ್‌ಟಾಪ್ ಕೈಕೊಟ್ಟಿತು. ಏನೋ ಅಪ್‌ಡೇಟ್ ಮಾಡಲು ಹೋಗಿ ಬಣ್ಣಬಣ್ಣದ್ದೆಲ್ಲ ಮಾಯವಾಗಿ ಬರೀ ಕಪ್ಪು ಕನ್ಸೋಲ್ ಉಳಿದಿತ್ತು. ನಾನು ವರದಿ ಕೊಡಲು ಹೋದಾಗ ಅವನು ಮ್ಯಾನೇಜರ ಎದುರಿನಲ್ಲೇ ಪರದೆಗೆ ಮೂಗು ತಾಗಿಸಿ, ಕಣ್ಣು ಕಿರಿದು ಮಾಡಿ, ತಪ್ಪೆಲ್ಲಿದೆ ಎಂದು ಹುಡುಕುತ್ತಿದ್ದ. ಓದಲಾಗದೆ ಏನೋ ಟೈಪ್ ಮಾಡಿದ. ಅಕ್ಷರಗಳು ದಪ್ಪಗಾದವು. ಅವನ ಕಣ್ಣಿಗೆ ತೊಂದರೆಯಾದರೆ ಮದ್ದು ಬೆರಳ ತುದಿಯಲ್ಲೇ ಇತ್ತು ನೋಡಿ.

"ಕನ್ನಡಕ ಬದಲಾಯ್ಸಿ ನೋಡ್ಬೇಕಿತ್ತು," ಎಂದೆ.

ಅವನು ಪೆಚ್ಚಾದ. ನಾನು ಬಿಡಲಿಲ್ಲ. ಮ್ಯಾನೇಜರಿಗೆ ಎಲ್ಲವನ್ನೂ ಹೇಳಿ, ಇಬ್ಬರನ್ನೂ ಎಬ್ಬಿಸಿಕೊಂಡು ನಾದಿನಿಯ ಕೋಣೆಗೆ ನಡೆದೆ. ಅಲ್ಲಿಯೂ ಅವನು ಅದನ್ನೇ ಟೈಪ್ ಮಾಡಿದ. ಅಂಕಿಗಳು ಮತ್ತೆ ಬಾಗಿಲವರೆಗೆ ಕಂಡವು. ಗೇಟಿನ ಮಾತು ಬಿಟ್ಟುಬಿಡಿ ಎಂದು ಮ್ಯಾನೇಜರ್ ಗೊಣಗಿದರು. ನಾದಿನಿ ಹೊಸ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಪರದೆಯನ್ನೇ ನೋಡುತ್ತಿದ್ದಳು.

"ಇಷ್ಟೇನಾ?" ಎಂದಳು.

"ಒಂದು ಸಾಲು, ಅಷ್ಟೇ," ಎಂದ ಮೇಧಾವಿ. "ನಿಮ್ಮ ಕಣ್ಣೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಅವಳು ಈಗಲಾದರೂ ಅವನ ಮುಖದ ನೀರಿಳಿಸಲಿ ಎಂದು ನಾನು ಕಾದೆ.

"ನಾನೂ ಹಾಗೇ ಅಂದ್ಕೊಂಡ್ಬಿಟ್ಟಿದ್ದೆ," ಎಂದಳು.